ಸಂಗೊಳ್ಳಿಯಿಂದ ನಂದಗಡಕ್ಕೆ: ಮೂರು ದಿನದ ಕಾಲುದಾರಿ, ಒಂದು ಹಳೆಯ ಆರೋಪ

ಸಂಗೊಳ್ಳಿಯಿಂದ ನಂದಗಡಕ್ಕೆ ಬಸ್ಸು ಬದಲಿಸಿ ಹೋದರೂ ಅರ್ಧ ದಿನ ಸಾಕು. ಜನವರಿಯಲ್ಲಿ ನಾವು ಐದು ಮಂದಿ ಗೆಳೆಯರು ಅದನ್ನು ಮೂರು ದಿನ ನಡೆದೆವು.

ಪ್ರತಿ ವರ್ಷ ಜನವರಿಯಲ್ಲಿ ಸಂಗೊಳ್ಳಿ ಉತ್ಸವ ನಡೆಯುತ್ತದೆ. ನಾವು ಕಳಿಸುವ ಸುದ್ದಿಯೂ ಪ್ರತಿ ವರ್ಷ ಒಂದೇ: ಮೆರವಣಿಗೆ, ಕುಸ್ತಿ, ಮಂತ್ರಿಗಳ ಭಾಷಣ. ರಾಯಣ್ಣ ಹುಟ್ಟಿದ ಊರು ಸಂಗೊಳ್ಳಿ, ಗಲ್ಲಿಗೇರಿದ್ದು ನಂದಗಡದಲ್ಲಿ ಎಂಬ ಎರಡು ಸಾಲು ಅದರಲ್ಲಿ ಇದ್ದೇ ಇರುತ್ತವೆ. ಈ ಎರಡು ಊರುಗಳ ನಡುವಿನ ನೆಲದಲ್ಲಿ ಅವನ ಪಡೆ ಹೇಗೆ ಓಡಾಡಿತು, ಏನು ತಿಂದಿತು, ಎಲ್ಲಿ ಮಲಗಿತು ಎಂದು ನಾವು ಒಮ್ಮೆಯೂ ಬರೆದಿಲ್ಲ. ನಡೆದಾದರೂ ನೋಡೋಣ ಎಂದು ಹೊರಟೆವು.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು, 1829ರಲ್ಲಿ ಅವಳು ಅಲ್ಲೇ ತೀರಿಕೊಂಡಳು.

ಸಂಸ್ಥಾನ ಹೋದಾಗ ಪೆಟ್ಟು ಬಿದ್ದದ್ದು ಅರಮನೆಗೆ ಮಾತ್ರವಲ್ಲ. ಊರು ಕಾಯುವ ಕೆಲಸಕ್ಕೆ, ಕರೆ ಬಂದರೆ ಯುದ್ಧಕ್ಕೆ ಹೋಗುವ ಕೆಲಸಕ್ಕೆ ಪ್ರತಿಯಾಗಿ ಹೊಲ ಪಡೆದ ಶೇತಸನದಿಗಳು ಹಳ್ಳಿ ಹಳ್ಳಿಯಲ್ಲೂ ಇದ್ದರು. ರಾಯಣ್ಣನೂ ಅವರಲ್ಲೊಬ್ಬ. ಕಂಪನಿ ಸರಕಾರ ಆ ಹೊಲಗಳಿಗೆ ಕೈ ಹಾಕಿತು, ಕಂದಾಯ ಹೇರಿತು. ಅವನ ಪಡೆ ಬೀಡಿ ಊರಿನ ಕಚೇರಿಗೆ ಬೆಂಕಿ ಇಟ್ಟದ್ದು, ಸಂಪಗಾವಿಯ ಕಚೇರಿಯ ಮೇಲೆ ಬಿದ್ದದ್ದು ಅದಕ್ಕೇ. ಕಂದಾಯದ ಲೆಕ್ಕ ಇದ್ದದ್ದು ಕಚೇರಿಗಳಲ್ಲಿ.

ಮೊದಲ ದಿನ ಸಂಗೊಳ್ಳಿಯಿಂದ ಕಿತ್ತೂರು. ಮಲಪ್ರಭೆಯ ದಂಡೆ ಬಿಟ್ಟರೆ ಕಬ್ಬು, ಕಡಲೆ, ಜೋಳ, ಎರೆ ಹೊಲ. ಅಡಗಿಕೊಳ್ಳಲು ಒಂದು ಮರವಿಲ್ಲ. ಇಂಥ ಬಯಲಲ್ಲಿ ನೂರಾರು ಜನರ ಪಡೆ ಒಂದು ದಿನವೂ ನಿಲ್ಲಲಾಗದು ಎಂಬುದು ಮಧ್ಯಾಹ್ನದ ಬಿಸಿಲಿನಲ್ಲೇ ಅರ್ಥವಾಯಿತು. ಎರಡನೆಯ ದಿನ ಕಿತ್ತೂರಿನಿಂದ ಪಶ್ಚಿಮಕ್ಕೆ ಬೀಡಿಯ ಕಡೆ. ಮಣ್ಣು ಕೆಂಪಾಯಿತು, ಭತ್ತದ ಗದ್ದೆ ಶುರುವಾದವು, ಗುಡ್ಡ ಎದ್ದವು. ಬುತ್ತಿಯ ಕಟಕ ರೊಟ್ಟಿ, ಶೇಂಗಾ ಚಟ್ನಿ ಆ ಹೊತ್ತಿಗೆ ಮುಗಿದಿತ್ತು. ಒಂದು ಊರಿನ ಗುಡಿಯ ಕಟ್ಟೆಯ ಮೇಲೆ ಮಲಗಿದೆವು. ಯಾರೂ ಹೇಳದೆ ಮೂರು ಮನೆಯಿಂದ ಅನ್ನ, ಸಾರು ಬಂತು. ಐದು ಜನರಿಗೆ ಮೂರು ಮನೆ ಬೇಕಾಯಿತು. ರಾಯಣ್ಣನ ಪಡೆಗೆ ಎಷ್ಟು ಮನೆ ಬೇಕಾಗಿರಬೇಕು?

ಮೂರನೆಯ ದಿನ ಕಾಡು. ಕಾಯ್ದಿಟ್ಟ ಅರಣ್ಯದೊಳಗೆ ಸುಮ್ಮನೆ ನುಗ್ಗುವಂತಿಲ್ಲ, ಕರಡಿಯ ಭಯವೂ ಇದೆ. ಹಾಗಾಗಿ ಊರಿಂದ ಊರಿಗೆ ದನ ಹೊಡೆಯುವ ದಾರಿ ಹಿಡಿದೆವು. ಒಬ್ಬ ಗೌಳಿ ಅಜ್ಜ ಜೊತೆಗೆ ಬಂದರು. ದಾರಿ ಎನ್ನುವುದು ಹೆಸರಿಗಷ್ಟೇ. ಲಂಟಾನ ಎರಡೂ ಕಡೆಯಿಂದ ಬೆಳೆದು ತಲೆಯ ಮೇಲೆ ಕೂಡಿಕೊಂಡಿತ್ತು. ಬಗ್ಗಿ, ಕೆಲವೆಡೆ ಕುಂತು ಸರಿಯಬೇಕಾಯಿತು. ಅಂಗಿ ಹರಿದವು, ಕಾಲಿಗೆ ಉಣ್ಣಿ ಹತ್ತಿದವು.

ಇದು ರಾಯಣ್ಣನ ಕಾಡಲ್ಲ ಎಂಬುದನ್ನು ನೆನಪಿಡಬೇಕು. ಲಂಟಾನ ಹೊರದೇಶದಿಂದ ಬಂದ ಗಿಡ, ಬ್ರಿಟಿಷರ ಕಾಲದಲ್ಲಿ ಈ ದೇಶದಲ್ಲಿ ಹರಡಿದ್ದು. ಮುಂಬಯಿ ಪ್ರಾಂತ್ಯಕ್ಕೆ ಅರಣ್ಯಾಧಿಕಾರಿ ನೇಮಕವಾದದ್ದು 1847ರಲ್ಲಿ, ಕಾಡಿಗೆ ಗಡಿಕಲ್ಲು, ಕಾವಲು ಬಂದದ್ದು ಆ ನಂತರ. ರಾಯಣ್ಣನ ಕಾಲಕ್ಕೆ ಇದು ಜನ ಓಡಾಡುವ ಕಾಡಾಗಿತ್ತು. ನಂದಗಡ ಹಳೆಯ ಪೇಟೆ. ಗೋವೆಯ ಕಡಲ ಕಡೆಯಿಂದ ಉಪ್ಪು, ತೆಂಗಿನಕಾಯಿ ಹೇರಿಕೊಂಡ ಎತ್ತುಗಳು ಘಟ್ಟ ಹತ್ತಿ ಅಲ್ಲಿಗೆ ಬರುತ್ತಿದ್ದವು. ರಾಯಣ್ಣನ ಪಡೆ ದಾರಿಯಿಲ್ಲದ ಕಡೆ ಅಲೆಯಲಿಲ್ಲ. ಸರಕಾರಕ್ಕೆ ಗೊತ್ತಿಲ್ಲದ, ಊರವರಿಗೆ ಗೊತ್ತಿದ್ದ ದಾರಿಗಳಲ್ಲಿ ಓಡಾಡಿತು. ಹಂಡಿಬಡಗನಾಥದ ಗುಡ್ಡದಲ್ಲಿ ಕೂಡುವುದು, ಕಚೇರಿಯ ಮೇಲೆ ಬೀಳುವುದು, ಮತ್ತೆ ಕಾಡು ಸೇರುವುದು ಆಗಿದ್ದು ಹೀಗೆ. ಜೊತೆಯಲ್ಲಿ ಗಜವೀರನೆಂಬ ಸಿದ್ದಿ ಇದ್ದ ಎಂದು ಜನ ಹೇಳುತ್ತಾರೆ. ಹಳಿಯಾಳ, ಯಲ್ಲಾಪುರದ ಕಾಡಿನಲ್ಲಿ ಇಂದಿಗೂ ಸಿದ್ದಿಗಳ ಊರುಗಳಿವೆ.

ಮಧ್ಯಾಹ್ನ ಒಂದು ಹಳ್ಳದ ದಂಡೆಯಲ್ಲಿ ಕುಂತಾಗ, ಇಷ್ಟು ದಟ್ಟ ಕಾಡಿನಲ್ಲಿ ಒಬ್ಬನನ್ನು ಹಿಡಿಯುವುದು ಹೇಗೆ ಅಜ್ಜಾ ಎಂದು ಕೇಳಿದೆವು.

"ಈಗ ಎಲೀ ಐತಿ. ಶಿವರಾತ್ರಿ ಮುಗದ ಮ್ಯಾಲೆ ಬರ್ರಿ, ಆ ಗುಡ್ಡದಾಗಿನ ದನಾ ಇಲ್ಲಿಂದ ಎಣಿಸಬಹುದು. ನೀರು ಎರಡೋ ಮೂರೋ ಕಡೆ ಅಷ್ಟ ಉಳಿತೈತಿ. ಎಮ್ಮಿ ಕಳದ್ರ ನಾವು ಕಾಡೆಲ್ಲಾ ಹುಡುಕಂಗಿಲ್ಲ. ನೀರಿನ ಹತ್ರ ಕುಂದರ್ತೀವಿ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ರಾಯಣ್ಣ ಸಿಕ್ಕಿಬಿದ್ದದ್ದು 1830ರ ಏಪ್ರಿಲ್‌ನಲ್ಲಿ. ಅಳ್ನಾವರದ ಕಡೆಯ ಡೋರಿ-ಬೆಣಚಿಯ ಹಳ್ಳದಲ್ಲಿ, ಸ್ನಾನಕ್ಕೆ ಇಳಿದಾಗ. ಆಯುಧ ದಂಡೆಯ ಮೇಲಿತ್ತು. ಇದನ್ನು ನಾವೆಲ್ಲ ದ್ರೋಹದ ಕಥೆಯಾಗಿ ಮಾತ್ರ ಕೇಳಿದ್ದೇವೆ. ದ್ರೋಹ ಸುಳ್ಳಲ್ಲ, ಜೊತೆಗಿದ್ದವರೇ ಹಿಡಿದುಕೊಟ್ಟರು. ಆದರೆ ಏಪ್ರಿಲ್ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಲೆ ಉದುರಿ, ಹಳ್ಳ ಬತ್ತಿ, ಹಲವು ತಿಂಗಳು ಅನ್ನ ಹಾಕಿದ ಮನೆಗಳ ಕಣಜ ತಳ ಕಂಡಿರುವ ಹೊತ್ತು ಅದು. ಮಳೆಗಾಲದವರೆಗೆ ತಳ್ಳಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ಆಗ ನಮ್ಮಲ್ಲೊಬ್ಬ ಬಾಯಿ ಬಿಟ್ಟ. ಅವನ ಊರು, ಹಿಡಿದುಕೊಟ್ಟವರ ಊರೆಂದು ಹೆಸರಾದ ಊರುಗಳಲ್ಲೊಂದು. ಆರು ವರ್ಷದ ಗೆಳೆತನದಲ್ಲಿ ನಮಗೆ ಹೇಳಿರಲಿಲ್ಲ.

"ಹಾಸ್ಟೆಲಿನ್ಯಾಗ ಯಾವೂರು ಅಂದ್ರ ಹೇಳ್ತಿದ್ದೆ. 'ಓಹೋ, ಹಿಡಕೊಟ್ಟಾವ್ರೇನಪಾ' ಅಂತ ನಗತಿದ್ರು. ಆಮೇಲಿಂದ ಬರೇ ತಾಲ್ಲೂಕಿನ ಹೆಸರು ಹೇಳಾಕ ಹತ್ತೀನಿ."

ನಾವೂ ಉತ್ಸವದ ವರದಿಗಳಲ್ಲಿ "ದ್ರೋಹಿಗಳ ಊರು" ಎಂದು ಬರೆದವರೇ. ಹಿಡಿದುಕೊಟ್ಟ ಕೆಲವರ ಹೆಸರು ಎರಡು ಶತಮಾನವಾದರೂ ಊರಿಗೆ ಅಂಟಿಕೊಂಡಿದೆ. ತಿಂಗಳುಗಟ್ಟಲೆ ರೊಟ್ಟಿ ಬಡಿದು ಕಾಡಿಗೆ ಕಳಿಸಿದವರ ಒಂದು ಹೆಸರೂ ಉಳಿದಿಲ್ಲ. ಅವರೂ ಇವೇ ಊರುಗಳವರು. ಬಹುಶಃ ಗೆಳೆಯನ ಊರಿನವರೂ ಇದ್ದರು.

ಸಂಜೆಗೆ ನಂದಗಡ. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ್ದು ಇಲ್ಲಿ. ಸಮಾಧಿಯ ಹತ್ತಿರದ ಆಲದ ಮರಕ್ಕೆ ಮಕ್ಕಳಾಗಲೆಂದು ಜನ ತೊಟ್ಟಿಲು ಕಟ್ಟುತ್ತಾರೆ. ತೊಟ್ಟಿಲು ಕಟ್ಟುತ್ತಿದ್ದ ಅಜ್ಜಿಯೊಬ್ಬರು ನಮ್ಮ ಹರಿದ ಅಂಗಿ ನೋಡಿ, "ಯಾವೂರವ್ರಪಾ?" ಎಂದರು. ನಾವು ನಾಲ್ವರು ನಮ್ಮ ಊರು ಹೇಳಿದೆವು. ಗೆಳೆಯ ಸ್ವಲ್ಪ ತಡೆದು ತನ್ನ ಊರಿನ ಹೆಸರನ್ನೇ ಹೇಳಿದ, ತಾಲ್ಲೂಕಿನದಲ್ಲ.

"ಭಾಳ ದೂರ ಆತಲ್ಲೋ ತಮ್ಮಾ" ಎಂದು ಅಜ್ಜಿ ಬಾಟಲಿ ಚಾಚಿದರು. "ಮೊದಲ ನೀರ ಕುಡಿ."