ಕೋಲ್ಡ್ ಸ್ಟೋರೇಜ್

ಕ್ರಿಪ್ಟೋಕರೆನ್ಸಿಯ ಖಾಸಗಿ ಕೀಲಿಯು ಅಂತರ್ಜಾಲಕ್ಕೆ ತಾಗದಂತೆ ಅದನ್ನು ಪ್ರತ್ಯೇಕ ಸಾಧನದಲ್ಲೋ ಕಾಗದ ಅಥವಾ ಲೋಹದ ತಗಡಿನ ಮೇಲೋ ಕಾಪಾಡುವ ಪದ್ಧತಿ. ಕೀಲಿಯನ್ನು ಕಾಪಾಡುವ ವ್ಯಾಲೆಟ್ಟಿನೊಳಗೆ ನಾಣ್ಯವೇನೂ ಇರುವುದಿಲ್ಲ. ಬಿಟ್‌ಕಾಯಿನ್ ಇರುವುದು ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಉಳಿದಿರುವ ಬ್ಲಾಕ್‌ಚೈನ್ ಎಂಬ ಲೆಕ್ಕದ ಪುಸ್ತಕದಲ್ಲಿ. ಆ ಲೆಕ್ಕದಲ್ಲಿ ವರ್ಗಾವಣೆಗೆ ಸಹಿ ಹಾಕುವ 256 ಬಿಟ್‌ಗಳ ರಹಸ್ಯ ಸಂಖ್ಯೆಯೇ ಖಾಸಗಿ ಕೀಲಿ. ಅದು ಕಳ್ಳನ ಕೈ ಸೇರಿದರೆ ಹಣವೂ ಸೇರಿತು. ದೂರು ಕೊಟ್ಟು ವ್ಯವಹಾರ ರದ್ದು ಮಾಡಿಸಲು ಬ್ಯಾಂಕಿನಂಥ ಮಧ್ಯವರ್ತಿ ಇಲ್ಲ.

ಸದಾ ಅಂತರ್ಜಾಲದಲ್ಲಿರುವ ಮೊಬೈಲ್ ಆ್ಯಪ್, ಕ್ರಿಪ್ಟೋ ಕೊಳ್ಳುವ-ಮಾರುವ ಎಕ್ಸ್‌ಚೇಂಜಿನ ಖಾತೆ ಮುಂತಾದವು ಹಾಟ್ ವ್ಯಾಲೆಟ್‌ಗಳು. ದಿನದ ಕೊಡುಕೊಳ್ಳುವಿಕೆಗೆ ಅವು ಬೇಕು, ದೊಡ್ಡ ಮೊತ್ತದ ಉಳಿತಾಯಕ್ಕೆ ಸಲ್ಲವು. 2018ರ ಜನವರಿಯಲ್ಲಿ ಜಪಾನಿನ ಕಾಯಿನ್‌ಚೆಕ್ ಎಕ್ಸ್‌ಚೇಂಜ್ ಕಳೆದುಕೊಂಡ 52 ಕೋಟಿಗೂ ಹೆಚ್ಚು ನೆಮ್ ಎಂಬ ಕ್ರಿಪ್ಟೋ ನಾಣ್ಯಗಳು ಹಾಟ್ ವ್ಯಾಲೆಟ್ಟಿನಲ್ಲೇ ಇದ್ದವು. 2025ರ ಜುಲೈನಲ್ಲಿ ಭಾರತದ ಕಾಯಿನ್‌ಡಿಸಿಎಕ್ಸ್ ಎಕ್ಸ್‌ಚೇಂಜಿನ ಆಂತರಿಕ ಖಾತೆಯೊಂದರಿಂದ ಸುಮಾರು 4.4 ಕೋಟಿ ಡಾಲರ್ ಕಳವಾದಾಗ, ಗ್ರಾಹಕರ ಆಸ್ತಿ ಕೋಲ್ಡ್ ವ್ಯಾಲೆಟ್‌ಗಳಲ್ಲಿ ಸುರಕ್ಷಿತವಾಗಿದೆ ಎಂದು ಸಂಸ್ಥೆ ತಿಳಿಸಿತು.

ಆರಂಭದ ವರ್ಷಗಳಲ್ಲಿ ಕೀಲಿಯನ್ನು ಕಾಗದದಲ್ಲಿ ಮುದ್ರಿಸಿಡುವುದು ರೂಢಿಯಲ್ಲಿತ್ತು. ಆದರೆ ಪ್ರಿಂಟರಿನ ಮೆಮೊರಿಯಲ್ಲಿ ಪ್ರತಿ ಉಳಿಯಬಹುದು, ಖರ್ಚು ಮಾಡುವಾಗ ಕೀಲಿಯನ್ನು ಮತ್ತೆ ಕಂಪ್ಯೂಟರಿಗೆ ಕೊಡಬೇಕಾಗುತ್ತದೆ. ಹೀಗಾಗಿ ಆ ವಿಧಾನ ಈಗ ಹಿಂದೆ ಸರಿದಿದೆ. 2014ರಲ್ಲಿ ಪ್ರಾಗ್‌ನ ಸಟೋಶಿಲ್ಯಾಬ್ಸ್ ಟ್ರೆಝರ್ ಎಂಬ ಹಾರ್ಡ್‌ವೇರ್ ವ್ಯಾಲೆಟ್ಟನ್ನು ಮಾರುಕಟ್ಟೆಗೆ ತಂದಿತು. ಇಂಥ ಸಾಧನದಲ್ಲಿ ಕೀಲಿ ಒಳಗೇ ಹುಟ್ಟಿ ಒಳಗೇ ಉಳಿಯುತ್ತದೆ. ಕಂಪ್ಯೂಟರು ಸಿದ್ಧಪಡಿಸಿದ ವ್ಯವಹಾರವನ್ನು ಯುಎಸ್‌ಬಿ, ಮೆಮೊರಿ ಕಾರ್ಡ್ ಅಥವಾ ಕ್ಯೂಆರ್ ಕೋಡ್ ಮೂಲಕ ಒಳಗೆ ಕೊಟ್ಟರೆ ಸಹಿ ಮಾತ್ರ ಹೊರಗೆ ಬರುತ್ತದೆ. ಸಾಧನ ಕೆಟ್ಟರೂ ಚಿಂತೆಯಿಲ್ಲ. 2013ರ ಬಿಐಪಿ-39 ಮಾನಕದಂತೆ, 2048 ಪದಗಳ ಪಟ್ಟಿಯಿಂದ ಬರುವ, ಸಾಮಾನ್ಯವಾಗಿ 12 ಅಥವಾ 24 ಪದಗಳ ಸೀಡ್ ಫ್ರೇಸ್ ಇದ್ದರೆ ಬೇರೊಂದು ಸಾಧನದಲ್ಲಿ ಎಲ್ಲ ಕೀಲಿಗಳನ್ನೂ ಮರಳಿ ಪಡೆಯಬಹುದು.

ಆದರೆ ಕೀಲಿ ಹೊರಬೀಳದಿದ್ದರೂ ಹಣ ಹೋಗುವುದುಂಟು. 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಕ್ಸ್‌ಚೇಂಜಿನಿಂದ ಸುಮಾರು 150 ಕೋಟಿ ಡಾಲರ್ ಬೆಲೆಯ ಈಥರ್ ಕದ್ದದ್ದು ಕೋಲ್ಡ್ ವ್ಯಾಲೆಟ್ಟಿನಿಂದಲೇ. ಹಲವರ ಸಹಿ ಬೇಕಾದ ಮಲ್ಟಿಸಿಗ್ ವ್ಯವಸ್ಥೆ ಅಲ್ಲಿತ್ತು. ಕಳ್ಳರು ಕೀಲಿಗೆ ಕೈಹಾಕದೆ, ಸಹಿದಾರರು ನೋಡುವ ಪರದೆಯ ತಂತ್ರಾಂಶವನ್ನೇ ತಿದ್ದಿದ್ದರು. ಕಂಡದ್ದು ಮಾಮೂಲಿ ವರ್ಗಾವಣೆ, ಸಹಿ ಬಿದ್ದದ್ದು ವ್ಯಾಲೆಟ್ಟಿನ ಹಿಡಿತವನ್ನೇ ಬಿಟ್ಟುಕೊಡುವ ಆದೇಶಕ್ಕೆ. ಅಮೆರಿಕದ ಎಫ್‌ಬಿಐ ಇದನ್ನು ಉತ್ತರ ಕೊರಿಯಾದ ಕೃತ್ಯವೆಂದಿತು. 2024ರ ಜುಲೈನಲ್ಲಿ ಭಾರತದ ವಜೀರ್‌ಎಕ್ಸ್ ಎಕ್ಸ್‌ಚೇಂಜಿನ ಮಲ್ಟಿಸಿಗ್ ವ್ಯಾಲೆಟ್ಟಿನಿಂದ 23 ಕೋಟಿ ಡಾಲರಿನಷ್ಟು ಹೋದಾಗಲೂ, ಪರದೆ ತೋರಿಸಿದ್ದಕ್ಕೂ ವ್ಯವಹಾರದ ಒಳಗಿದ್ದದ್ದಕ್ಕೂ ತಾಳೆಯಿರಲಿಲ್ಲವೆಂದು ಸಂಸ್ಥೆ ಹೇಳಿಕೊಂಡಿತು. ಆದ್ದರಿಂದ ಕಂಪ್ಯೂಟರಿನ ಪರದೆಯನ್ನು ನಂಬದೆ, ವಿಳಾಸವನ್ನೂ ಮೊತ್ತವನ್ನೂ ಸಾಧನದ ಸ್ವಂತ ಪರದೆಯಲ್ಲೇ ಅಕ್ಷರ ಬಿಡದೆ ಓದಿದ ಮೇಲೆ ಸಹಿ ಮಾಡುವುದು ಕೋಲ್ಡ್ ಸ್ಟೋರೇಜಿನ ಅರ್ಧದಷ್ಟು ಕೆಲಸ. ಅನೇಕ ಬಳಕೆದಾರರು ಅವಸರಪಡುವುದೂ ಇಲ್ಲೇ.

ಕಳವಿಗಿಂತ, ಕೀಲಿ ಕಳೆದುಹೋಗಿ ಹಣ ಹೋದದ್ದು ಇನ್ನೂ ನೋವಿನ ಕಥೆ. ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ 2013ರಲ್ಲಿ ಕಸಕ್ಕೆ ಹೋದ ಹಾರ್ಡ್ ಡಿಸ್ಕ್ ಒಂದರಲ್ಲಿ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಯಿತ್ತೆಂದು ಅದರ ಒಡೆಯ ಹೇಳುತ್ತಾನೆ. ಕಸದ ಗುಡ್ಡೆ ಅಗೆಯಲು ಅನುಮತಿ ಕೇಳಿದ ಆತನ ದಾವೆಯನ್ನು ನ್ಯಾಯಾಲಯ 2025ರ ಜನವರಿಯಲ್ಲಿ ತಳ್ಳಿಹಾಕಿತು. ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜಿನ ಮುಖ್ಯಸ್ಥ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ಜೈಪುರದಲ್ಲಿ ತೀರಿಕೊಂಡಾಗ, ಕೋಲ್ಡ್ ವ್ಯಾಲೆಟ್‌ಗಳ ಗುಟ್ಟು ಅವನೊಂದಿಗೇ ಹೋಯಿತೆಂದು ಮೊದಲು ಹೇಳಲಾಯಿತು. ಆದರೆ ಆ ವ್ಯಾಲೆಟ್‌ಗಳು ಅವನ ಸಾವಿಗೆ ತಿಂಗಳುಗಳ ಮೊದಲೇ ಖಾಲಿಯಾಗಿದ್ದವೆಂದು ತನಿಖೆಯಲ್ಲಿ ತಿಳಿಯಿತು. 2020ರಲ್ಲಿ ಒಂಟಾರಿಯೊದ ಷೇರು ನಿಯಂತ್ರಣ ಆಯೋಗ ಈ ಪ್ರಕರಣವನ್ನು ವಂಚನೆಯೆಂದೇ ಕರೆಯಿತು.

ಇಂಥ ನಷ್ಟ ತಪ್ಪಿಸಲು ಸೀಡ್ ಫ್ರೇಸನ್ನು ಕೈಯಲ್ಲೇ ಬರೆಯಬೇಕು. ಫೋಟೊ ತೆಗೆಯುವುದು, ಇಮೇಲ್‌ನಲ್ಲಿ ಉಳಿಸುವುದು, ಮೊಬೈಲಿನಲ್ಲಿ ಟೈಪ್ ಮಾಡುವುದು ಕೂಡದು. ಬೆಂಕಿ, ನೀರಿಗೆ ಜಗ್ಗದಂತೆ ಉಕ್ಕಿನ ತಗಡಿನಲ್ಲಿ ಕೊರೆದು ಎರಡು ಬೇರೆ ಊರುಗಳಲ್ಲಿ ಇಡುವವರೂ ಇದ್ದಾರೆ. ದೊಡ್ಡ ಮೊತ್ತ ಸೇರಿಸುವ ಮೊದಲು ಅಲ್ಪ ಹಣ ಹಾಕಿ, ಸಾಧನವನ್ನು ಅಳಿಸಿ, ಪದಗಳಿಂದ ಮರಳಿ ಪಡೆದು ನೋಡುವುದು ಒಳ್ಳೆಯದು. ಪದಗಳು ಎಲ್ಲಿವೆ ಎಂಬುದು ಮನೆಯ ಒಬ್ಬರಿಗಾದರೂ ತಿಳಿದಿರಲಿ. 2020ರಲ್ಲಿ ಹಾರ್ಡ್‌ವೇರ್ ವ್ಯಾಲೆಟ್ ತಯಾರಿಸುವ ಫ್ರಾನ್ಸಿನ ಲೆಜರ್ ಸಂಸ್ಥೆಯ ಗ್ರಾಹಕರ ವಿಳಾಸಗಳು ಸೋರಿಹೋದ ಮೇಲೆ ಹಲವರ ಮನೆಗೆ ಅಂಚೆಯಲ್ಲಿ ನಕಲಿ ಸಾಧನಗಳೇ ಬಂದವು. ಹೀಗಾಗಿ ಸಾಧನವನ್ನು ತಯಾರಕರಿಂದಲೇ ನೇರವಾಗಿ ಕೊಳ್ಳಬೇಕು. ಸೀಡ್ ಫ್ರೇಸ್ ಕೇಳಿ ಬರುವ ಕರೆ, ಪತ್ರ, ಜಾಲತಾಣ ಯಾರ ಹೆಸರಿನಲ್ಲಿದ್ದರೂ ಮೋಸದ್ದೇ.