ದಾನಭೂಮಿಯಲ್ಲಿ ಅಂಗದಾನ

ನೇತ್ರಾವತಿಯ ದಂಡೆಯ ಬಂಟ್ವಾಳ, ಘಟ್ಟದ ಬುಡದಲ್ಲಿ ಚಾರ್ಮಾಡಿಯವರೆಗೂ ಹಬ್ಬಿಕೊಂಡಿರುವ ಬೆಳ್ತಂಗಡಿ, ಜೈನಕಾಶಿಯೆಂದು ಪ್ರಖ್ಯಾತವಾದ ಮೂಡುಬಿದಿರೆ, ಈ ಮೂರು ತಾಲೂಕುಗಳ ಜನ ಪ್ರಾಣಕ್ಕೆ ಸಂಚಕಾರ ತರುವಂಥ ವ್ಯಾಧಿಯೊದಗಿದಾಗ ಮುಖಮಾಡುವುದು ಮಂಗಳೂರಿನತ್ತ. 1848ರಲ್ಲಿ ಸ್ಥಾಪಿತವಾದ ವೆನ್ಲಾಕ್ ಆಸ್ಪತ್ರೆ, ಕಂಕನಾಡಿಯಲ್ಲಿ 1880ರಿಂದ ಬೆಳೆದುಬಂದ ಫಾದರ್ ಮುಲ್ಲರ್ ಸಂಸ್ಥೆ, ಡಾ. ಟಿ. ಎಂ. ಎ. ಪೈ ಅವರ ಸಂಕಲ್ಪದಿಂದ 1953ರಲ್ಲಿ ಹುಟ್ಟಿದ ಕಸ್ತೂರಬಾ ವೈದ್ಯಕೀಯ ಕಾಲೇಜು, ತರುವಾಯ ತಲೆಯೆತ್ತಿದ ಅನೇಕ ಖಾಸಗಿ ಆಸ್ಪತ್ರೆಗಳು, ಇವೆಲ್ಲ ಸೇರಿ ಆ ನಗರವನ್ನು ಕರಾವಳಿಗೂ ಮಲೆನಾಡಿಗೂ ಚಿಕಿತ್ಸಾಕೇಂದ್ರವನ್ನಾಗಿ ಮಾಡಿವೆ. ಬಿ.ಸಿ.ರೋಡಿನ ಹೆದ್ದಾರಿಯಲ್ಲಿ ಬೈಕಿನಿಂದುರುಳಿ ತಲೆಗೆ ಪೆಟ್ಟುಬಿದ್ದ ತರುಣನನ್ನು ಒಯ್ಯುವುದು ಅಲ್ಲಿಗೇ. ಎರಡು ಮೂತ್ರಪಿಂಡಗಳೂ ಸೋತುಹೋದ ವೇಣೂರಿನ ಗೃಹಿಣಿಯು ಬದಲಿ ಮೂತ್ರಪಿಂಡಕ್ಕಾಗಿ ಹೆಸರು ಬರೆಸುವುದೂ ಅಲ್ಲಿಯೇ. ಒಬ್ಬನ ಮರಣವು ಇನ್ನೊಬ್ಬಳ ಜೀವನವಾಗಬಹುದಾದ ಸ್ಥಾನವು ಹೀಗೆ ಒಂದೇ ಆಗಿದ್ದರೂ, ಆ ಸಂಧಿಯು ನಿಜವಾಗಿ ಘಟಿಸುವುದು ಅಪರೂಪವಾಗಿರುವುದೇಕೆಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅಂಗಗಳನ್ನು ಕಸಿಮಾಡುವ ವಿದ್ಯೆಯ ಬೆಳವಣಿಗೆಯನ್ನು ನೋಡುವುದು ಉಚಿತವೆಂದು ನನಗೆ ತೋರುತ್ತದೆ. ಶಸ್ತ್ರವೈದ್ಯರ ಕೈಚಳಕದ ಚರಿತ್ರೆಯನ್ನು ಎಲ್ಲರೂ ಬಲ್ಲರು. ದುಃಖಿತರ ಬಳಿ ಕುಳಿತು, ಕೇಳಬಾರದೆನಿಸುವ ಮಾತನ್ನು ಸಕಾಲದಲ್ಲಿ, ಸರಿಯಾದ ರೀತಿಯಲ್ಲಿ ಕೇಳುವವರ ಚರಿತ್ರೆಯನ್ನಾದರೋ ಬರೆದವರು ಕಡಮೆ. ಅಂಗದಾನದ ಏರಿಳಿತವೆಲ್ಲ ನಿಂತಿರುವುದು ಅವರ ಮೇಲೆಯೇ.

ದಾನವೆಂಬುದು ಈ ನೆಲಕ್ಕೆ ಹೊಸತಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ಜೈನಾಗಮವು ವಿಧಿಸಿದ ಚತುರ್ವಿಧ ದಾನಗಳು ಇಲ್ಲಿ ಗ್ರಂಥದಲ್ಲಿಯೇ ಉಳಿಯದೆ ನಿತ್ಯದ ಆಚರಣೆಗೆ ಇಳಿದಿವೆ. ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಪರ್ಯಂತ ಕಾಪಾಡಿದ ಮೂಡುಬಿದಿರೆಯು ಶಾಸ್ತ್ರದಾನದ ನೆಲೆಯಾದರೆ, ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳವು, ಶೈವಕ್ಷೇತ್ರಕ್ಕೆ ಜೈನಮನೆತನದ ಹೆಗ್ಗಡೆಯವರು ಧರ್ಮಾಧಿಕಾರಿಗಳಾಗಿರುವ ಆ ಅಪೂರ್ವ ಪೀಠವು, ಅನ್ನ, ಔಷಧ, ವಿದ್ಯೆ, ಅಭಯಗಳನ್ನು ಜಾತಿಮತಭೇದವಿಲ್ಲದೆ ಕೊಡುತ್ತ ಬಂದಿದೆ. ಹೀಗಿರುವಲ್ಲಿ ಔದಾರ್ಯದ ಅಭಾವವೇ ಅಂಗದಾನದ ಕೊರತೆಗೆ ಕಾರಣವೆಂದು ಹೇಳುವುದು ಈ ಜನಕ್ಕೆ ಮಾಡುವ ಅನ್ಯಾಯವಾದೀತು.

ಆದರೆ ದೇಹದ ವಿಷಯದಲ್ಲಿ ಮನಸ್ಸು ಹಿಂಜರಿಯುತ್ತದೆಂಬುದೂ ನಿಜವೇ. ಅಗ್ನಿಗೋ ಮಣ್ಣಿಗೋ ಒಪ್ಪಿಸುವ ಶರೀರವು ಅಖಂಡವಾಗಿರಬೇಕೆಂಬ ಭಾವನೆಯೂ, ಕಣ್ಣು ಕೊಟ್ಟವನು ಮುಂದಿನ ಜನ್ಮದಲ್ಲಿ ಕುರುಡನಾಗುವನೆಂಬ ಅಂಜಿಕೆಯೂ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಕೆಥೋಲಿಕ ಕ್ರೈಸ್ತರಿಗೆ ಅವರ ಗುರುಪೀಠದಿಂದಲೇ ಸಮ್ಮತಿ ದೊರೆತಿದೆ; ಎರಡನೆಯ ಜಾನ್ ಪಾಲ್ ಪೋಪರು 2000ದಲ್ಲಿ ಕಸಿವೈದ್ಯರ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಅಂಗದಾನವನ್ನು ಪ್ರೇಮದ ಕಾರ್ಯವೆಂದು ಕೊಂಡಾಡಿದರು. ಮುಸಲ್ಮಾನರಲ್ಲಿ, 1986ರಲ್ಲಿ ಅಮ್ಮಾನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಫಿಕ್ಹ್ (ಇಸ್ಲಾಮೀ ಧರ್ಮಶಾಸ್ತ್ರ) ಅಕಾಡೆಮಿಯು ಮಿದುಳಿನ ಮರಣವನ್ನು, ಅಂದರೆ ಎದೆ ಬಡಿಯುತ್ತಿದ್ದರೂ ಮಿದುಳು ಪೂರ್ತಿ ನಿಂತುಹೋದ ಸ್ಥಿತಿಯನ್ನು, ಮರಣವೆಂದೇ ಒಪ್ಪಿತಾದರೂ, ಭಾರತದ ಉಲೇಮಾಗಳಲ್ಲಿ ಏಕಾಭಿಪ್ರಾಯವಿಲ್ಲ. ಬಂಟ್ವಾಳದಂಥ ಮಿಶ್ರಸಮಾಜದಲ್ಲಿ ಈ ಸಂಗತಿಯನ್ನು ಗೌರವದಿಂದ ಚರ್ಚಿಸಬೇಕೇ ಹೊರತು ಒತ್ತಾಯಕ್ಕೆ ಎಡೆಯಿಲ್ಲ.

ಕಸಿವಿದ್ಯೆಯ ಆರಂಭ ಕಣ್ಣಿನಿಂದ. 1905ರ ಡಿಸೆಂಬರಿನಲ್ಲಿ ಎಡ್ವರ್ಡ್ ಝಿರ್ಮ್ ಎಂಬ ವೈದ್ಯನು ಒಬ್ಬನ ಕಣ್ಣಿನ ಪಾರದರ್ಶಕ ಪಟಲವನ್ನು, ಅಂದರೆ ಕಾರ್ನಿಯಾವನ್ನು, ಇನ್ನೊಬ್ಬನಿಗೆ ಸಫಲವಾಗಿ ಕೂಡಿಸಿದ. ಮೂತ್ರಪಿಂಡದ ಕಸಿಗೆ 1954ರವರೆಗೆ ಕಾಯಬೇಕಾಯಿತು. ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಅದನ್ನು ಸಾಧಿಸಿದ್ದು ತದ್ರೂಪಿ ಅವಳಿ ಸೋದರರಲ್ಲಾದ್ದರಿಂದ, ಪರಕೀಯ ಅಂಗವನ್ನು ದೇಹವು ತಿರಸ್ಕರಿಸುವ ತೊಡಕು ಅಲ್ಲಿ ಎದುರಾಗಲಿಲ್ಲ. 1967ರಲ್ಲಿ ಬರ್ನಾರ್ಡ್ ಎಂಬ ಶಸ್ತ್ರವೈದ್ಯನು ಹೃದಯವನ್ನು ಬದಲಿಸಿದಾಗ ಜಗತ್ತೇ ಬೆರಗಾಯಿತು. ಆದರೆ ಆ ತಿರಸ್ಕಾರವನ್ನು ತಕ್ಕಮಟ್ಟಿಗೆ ಅಡಗಿಸಿದ್ದು 1980ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೋಸ್ಪೋರಿನ್ ಎಂಬ ಔಷಧ. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು 1971ರಲ್ಲಿ ಮೂತ್ರಪಿಂಡದ ಕಸಿಯನ್ನು ನೆಲೆಗೊಳಿಸಿತು. 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸಿನಲ್ಲಿ ಡಾ. ಪಿ. ವೇಣುಗೋಪಾಲ್ ಹೃದಯದ ಕಸಿಯನ್ನು ಸಫಲವಾಗಿ ನೆರವೇರಿಸಿದರು.

ವಿದ್ಯೆ ಬಂದ ಮೇಲೆ ಅದರ ನೆರಳೂ ಬಂತು. ಬದುಕಿರುವವರ ಮೂತ್ರಪಿಂಡವನ್ನೇ ನೆಚ್ಚಿದ್ದ ಆ ಕಾಲದಲ್ಲಿ, ಸಾಲದ ಹೊರೆ ಹೊತ್ತ ಬಡವರು ತಮ್ಮ ದೇಹದ ಭಾಗವನ್ನು ಮಾರುವ ಪೇಟೆಯಾಗಿ ಭಾರತ ಕುಖ್ಯಾತವಾಯಿತು. ಬೆಂಗಳೂರಿನಲ್ಲಿ 1995ರಲ್ಲಿ ಹೊರಬಿದ್ದ ಕಿಡ್ನಿ ಹಗರಣವು ಕನ್ನಡನಾಡಿಗೆ ಹತ್ತಿದ ಕಳಂಕ. ಕ್ರಯವಿಕ್ರಯವನ್ನು ನಿಷೇಧಿಸಿ, ಮಿದುಳಿನ ಮರಣಕ್ಕೆ ಕಾನೂನಿನ ಮಾನ್ಯತೆ ಕೊಟ್ಟ ಮಾನವ ಅಂಗಾಂಗ ಕಸಿ ಕಾಯಿದೆ ಬಂದದ್ದು 1994ರಲ್ಲಿ. ನಿಷೇಧವು ಪತ್ರಿಕೆಗಳಲ್ಲಿ ಪ್ರಚಾರ ಪಡೆಯಿತು. ಮಾನ್ಯತೆಯನ್ನು ಬಹುಕಾಲ ಯಾರೂ ಗಮನಿಸಲಿಲ್ಲ. ಮೃತರಿಂದ ಅಂಗಗಳನ್ನು ಪಡೆಯುವ ಮಾರ್ಗವು ತೆರೆದಿದ್ದರೂ ಆ ಮಾರ್ಗದಲ್ಲಿ ನಡೆಯಿಸುವವರಿರಲಿಲ್ಲವಷ್ಟೆ.

ಆ ಮಾರ್ಗವೆಂತಹುದೆಂಬುದನ್ನು ತುಸು ಸಮೀಪದಿಂದ ನೋಡಬೇಕು. ತಲೆಗೆ ಬಲವಾದ ಏಟು ಬಿದ್ದು ಮಿದುಳಿನ ಕಾಂಡವು ನಿಶ್ಚೇಷ್ಟಿತವಾದ ರೋಗಿಯು ಐಸಿಯುವಿನಲ್ಲಿ ವೆಂಟಿಲೇಟರಿಗೆ ಒಳಪಟ್ಟು ಮಲಗಿರುವಾಗ ಎದೆ ಏರಿಳಿಯುತ್ತದೆ, ಮೈ ಬೆಚ್ಚಗಿರುತ್ತದೆ, ಪರದೆಯ ಮೇಲೆ ಹೃದಯದ ಗೆರೆ ಓಡುತ್ತಿರುತ್ತದೆ. ನಾಲ್ವರು ವೈದ್ಯರ ಮಂಡಲಿಯು ಕಣ್ಣಪಾಪೆಗೆ ಬೆಳಕು ಹಾಯಿಸಿ, ಕಾರ್ನಿಯಾವನ್ನು ಹತ್ತಿಯ ಎಳೆಯಿಂದ ಸ್ಪರ್ಶಿಸಿ, ಕಿವಿಗೆ ತಣ್ಣೀರು ಬಿಟ್ಟು, ಕಡೆಗೆ ಯಂತ್ರವನ್ನು ಕೆಲ ನಿಮಿಷ ಬಿಡಿಸಿ ತಾನಾಗಿ ಉಸಿರಾಡುವ ಯತ್ನವಿದೆಯೇ ಎಂದು ಪರೀಕ್ಷಿಸುತ್ತದೆ. ಕನಿಷ್ಠ ಆರು ಗಂಟೆಗಳ ತರುವಾಯ ಇವೆಲ್ಲವನ್ನೂ ಪುನಃ ಮಾಡುತ್ತದೆ. ಎರಡು ಸಲವೂ ದೇಹ ನಿರುತ್ತರವಾದಲ್ಲಿ ಆ ವ್ಯಕ್ತಿ ಮೃತನೇ. ಹೊರಗಿನ ಬೆಂಚಿನಲ್ಲಿ, ವಿಟ್ಲದಿಂದಲೋ ಉಜಿರೆಯಿಂದಲೋ ಉಟ್ಟ ಬಟ್ಟೆಯಲ್ಲಿ ಓಡಿಬಂದ ತಂದೆಗೆ, ಉಸಿರಾಡುತ್ತಿರುವಂತೆ ಕಾಣುವ ಮಗ ಇನ್ನಿಲ್ಲವೆಂಬುದನ್ನು ಮೊದಲು ಮನಗಾಣಿಸಬೇಕು; ಅದು ಆತನ ಅಂತಃಕರಣಕ್ಕೆ ಇಳಿದ ಮೇಲೆಯೇ ದಾನದ ಮಾತು. ಹೃದಯವನ್ನು ತೆಗೆದ ನಾಲ್ಕಾರು ಗಂಟೆಗಳೊಳಗೆ ಕೂಡಿಸಬೇಕು, ಯಕೃತ್ತಿಗೆ ಹತ್ತು ಹನ್ನೆರಡು ಗಂಟೆ, ಮೂತ್ರಪಿಂಡಕ್ಕೆ ಒಂದು ಹಗಲು ಒಂದು ರಾತ್ರಿ. ಇಂತಹ ತ್ವರೆಯ ನಡುವೆ ತ್ವರೆಯನ್ನು ತೋರಗೊಡದೆ ಮಾತನಾಡಬಲ್ಲ ಕಸಿ ಸಂಯೋಜಕರನ್ನು 2011ರ ತಿದ್ದುಪಡಿಯು ಕಡ್ಡಾಯಗೊಳಿಸಿತೆಂಬುದು, ನನ್ನೆಣಿಕೆಯಲ್ಲಿ, ಮೂಲ ಕಾಯಿದೆಗಿಂತಲೂ ಹಿರಿದಾದ ಹೆಜ್ಜೆ. 1989ರಲ್ಲಿ ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿ ಆಸ್ಪತ್ರೆಗೊಬ್ಬ ತರಬೇತಾದ ಸಂಯೋಜಕನನ್ನು ನಿಯೋಜಿಸಿದ ಸ್ಪೇನಿನಲ್ಲಿ ಇಂದು ಹತ್ತು ಲಕ್ಷ ಜನಕ್ಕೆ 40ಕ್ಕೂ ಮಿಗಿಲಾದ ಮೃತದಾನಿಗಳಿದ್ದಾರೆ. ಭಾರತದಲ್ಲಿ ಆ ಸಂಖ್ಯೆ ಒಂದನ್ನೂ ಮುಟ್ಟಿಲ್ಲ. ಸ್ಪೇನಿಗರು ನಮಗಿಂತ ನಲವತ್ತು ಪಾಲು ಉದಾರಿಗಳೆಂದು ಇದರ ಅರ್ಥವಲ್ಲ.

ಕರ್ನಾಟಕದಲ್ಲಿ ವಲಯ ಸಮನ್ವಯ ಸಮಿತಿಯಾಗಿ ಆರಂಭವಾಗಿ ಮುಂದೆ ‘ಜೀವಸಾರ್ಥಕತೆ’ ಎಂಬ ನಾಮಾಂತರ ಪಡೆದ ಸಂಸ್ಥೆಯು ನಿರೀಕ್ಷಕರ ಪಟ್ಟಿಯನ್ನಿಟ್ಟು, ಸರದಿಯ ನಿಯಮದಂತೆ ಅಂಗಗಳನ್ನು ಹಂಚುತ್ತದೆ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಚೆನ್ನೈಗೆ ಒಂದು ಹೃದಯವು ಶೂನ್ಯಸಂಚಾರದ ರಸ್ತೆಯಲ್ಲಿಯೂ ವಿಮಾನದಲ್ಲಿಯೂ ಪಯಣಿಸಿದಾಗ ಜನರಿಗೆ ಈ ಕಾರ್ಯದ ಸ್ವರೂಪ ಪ್ರತ್ಯಕ್ಷವಾಯಿತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹವೇ ಎರಡಾಗಿ ಬಿದ್ದಿದ್ದ ಹರೀಶ್ ಎಂಬ ತರುಣನು ಕೊನೆಯುಸಿರಿನಲ್ಲಿ ತನ್ನ ಅಂಗಗಳನ್ನು ದಾನಮಾಡಿರೆಂದು ಬೇಡಿಕೊಂಡನು, ಕಣ್ಣುಗಳನ್ನು ಪಡೆಯಲಾಯಿತು. ಅವನ ಹೆಸರಿನಲ್ಲಿಯೇ ಸರಕಾರವು ಅಪಘಾತಕ್ಕೊಳಗಾದವರ ತುರ್ತುಚಿಕಿತ್ಸೆಗೆ ಸಾಂತ್ವನ ಯೋಜನೆಯನ್ನು ತಂದಿತು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಕುಟುಂಬದವರು ಮಾಡಿದ ಅಂಗದಾನವೂ ನಾಡಿನ ಮನಸ್ಸನ್ನು ಕಲಕಿತು. ರಾಜ್ಯದ ಮೃತದಾನಿಗಳ ಸಂಖ್ಯೆ 2019ರಲ್ಲಿ 105 ಇದ್ದುದು ಕೋವಿಡ್ಡಿನ 2020ರಲ್ಲಿ 35ಕ್ಕೆ ಕುಸಿದು, 2022ರಲ್ಲಿ 151ಕ್ಕೂ 2023ರಲ್ಲಿ 178ಕ್ಕೂ ಏರಿತು. ದೇಶದಲ್ಲಿ 2013ರಲ್ಲಿ ಐದು ಸಾವಿರದಷ್ಟಿದ್ದ ವಾರ್ಷಿಕ ಕಸಿಗಳು 2023ರ ವೇಳೆಗೆ ಹದಿನೆಂಟು ಸಾವಿರವನ್ನು ಮೀರಿದರೂ ಮೃತದಾನಿಗಳು 1,099 ಮಾತ್ರ. ಉಳಿದೆಲ್ಲವೂ ಬದುಕಿರುವ ಬಂಧುಗಳ ದೇಹದಿಂದ ಬಂದುದು.

ಈ ಬಂಧುಗಳು ಯಾರು? ಬಹುಪಾಲು ತಾಯಂದಿರು, ಹೆಂಡಂದಿರು. 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಕಸಿಗಳಲ್ಲಿ ಅಂಗವನ್ನು ಪಡೆದ ಹೆಂಗಸರು 6,945. ಜೀವಂತ ದಾನಿಗಳಲ್ಲಾದರೋ ಹೆಚ್ಚಿನವರು ಹೆಂಗಸರು. ಕೊಡುವಾಗ ಮುಂದೆ, ಪಡೆಯುವಾಗ ಹಿಂದೆ ಎಂಬ ಈ ಕ್ರಮವನ್ನು ತ್ಯಾಗವೆಂದು ಹೊಗಳಿ ಸುಮ್ಮನಾಗುವುದು ನನಗೆ ಸಮ್ಮತವಲ್ಲ. ಅಳಿಯಕಟ್ಟಿನ ತುಳುನಾಡಿನಲ್ಲಿ, ಹೆಣ್ಣಿನಿಂದಲೇ ಕುಟುಂಬ ಬೆಳೆಯುವುದೆಂದು ನಂಬಿದ ಈ ಸೀಮೆಯಲ್ಲಿ, ಹೆಂಗಸಿನ ಕಾಯಿಲೆಗೆ ಹಣ ಕೂಡಿಸುವಾಗ ಮನೆಯವರು ತಡಮಾಡುವುದಿಲ್ಲವೆಂದು ಯಾರು ಎದೆತಟ್ಟಿ ಹೇಳಬಲ್ಲರು? ಮೃತದಾನ ಹೆಚ್ಚಿದಷ್ಟೂ ತಾಯಂದಿರ ಮೇಲಿನ ಈ ಭಾರ ಇಳಿಯುವುದೆಂಬುದು ಅದರ ಪರವಾದ ಪ್ರಬಲ ವಾದಗಳಲ್ಲೊಂದು.

ಬದಲಿ ಮೂತ್ರಪಿಂಡಕ್ಕಾಗಿ ಕಾಯುವವರ ದಿನಚರಿಯನ್ನು ತಾಲೂಕು ಆಸ್ಪತ್ರೆಯ ಡಯಾಲಿಸಿಸ್ ಕೊಠಡಿಯಲ್ಲಿ ನೋಡಬೇಕು. ಮುಂಜಾನೆಯ ಬಸ್ಸಿಗೆ ಬಂದಿಳಿದ ರೋಗಿಯನ್ನು ಮೊದಲು ತೂಗುತ್ತಾರೆ. ಎರಡು ದಿನಗಳಲ್ಲಿ ಮೈಯಲ್ಲಿ ನಿಂತ ನೀರೆಷ್ಟೆಂಬುದು ಆ ತೂಕದಿಂದ ತಿಳಿಯಬೇಕು. ರಕ್ತನಾಳಗಳನ್ನು ಜೋಡಿಸಿ ಉಬ್ಬಿಸಿದ ಮುಂಗೈಗೆ ಎರಡು ದಪ್ಪ ಸೂಜಿಗಳನ್ನು ಚುಚ್ಚಿ, ನಾಲ್ಕು ತಾಸು ರಕ್ತವನ್ನು ಹೊರಗೆಳೆದು ಶೋಧಿಸಿ ಒಳಬಿಡುತ್ತಾರೆ. ವಾರಕ್ಕೆ ಎರಡೋ ಮೂರೋ ಸಲ, ವರ್ಷಗಟ್ಟಲೆ. ಬೀಡಿ ಕಟ್ಟಿಯೋ ತೋಟದ ಕೂಲಿಯಿಂದಲೋ ಸಾಗುವ ಮನೆಯಲ್ಲಿ ರೋಗಿಯ ಜತೆಗೆ ಬರುವವನ ಕೂಲಿಯೂ ಆ ದಿನ ಇಲ್ಲ. ಕಸಿಯ ವೆಚ್ಚಕ್ಕೆ ಬಡವರಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ಸರಕಾರದ ನೆರವಿದೆಯೆಂಬುದು ಸಮಾಧಾನದ ಸಂಗತಿ. ಅನಂತರ ಜೀವಾವಧಿ ಸೇವಿಸಬೇಕಾದ ಔಷಧಗಳ ಚಿಂತೆ ಬೇರೆ.

ಅಂಗಗಳ ವಿಷಯದಲ್ಲಿ ಮಂಗಳೂರನ್ನು ಆಶ್ರಯಿಸದೆ ಗತಿಯಿಲ್ಲವೆನ್ನೋಣ. 2022ರ ಸೆಪ್ಟೆಂಬರಿನಲ್ಲಿ ಘಟ್ಟದ ಮೇಲಿನ ಚಿಕ್ಕಮಗಳೂರಿನ ಸರಕಾರಿ ಜಿಲ್ಲಾಸ್ಪತ್ರೆಯಲ್ಲಿಯೇ ಒಬ್ಬ ವಿದ್ಯಾರ್ಥಿನಿಯ ಅಂಗಗಳನ್ನು ಪಡೆದು ಬೇರೆ ಬೇರೆ ಊರುಗಳಿಗೆ ಕಳಿಸಿದರೆಂಬುದು ಆ ಮಾತನ್ನೂ ಸಡಿಲಿಸುತ್ತದೆ. ನೇತ್ರದಾನಕ್ಕಾದರೋ ಅಂತಹ ಯಾವ ನಿರ್ಬಂಧವೂ ಇಲ್ಲ. ಅದಕ್ಕೆ ಐಸಿಯು ಬೇಡ, ಮಿದುಳಿನ ಮರಣದ ನಿರ್ಣಯ ಬೇಡ, ರಕ್ತದ ಗುಂಪು ಕೂಡಬೇಕಿಲ್ಲ. ಎಂಬತ್ತು ದಾಟಿದ ಅಜ್ಜಿಯೂ, ಕನ್ನಡಕ ಧರಿಸಿದವರೂ ಕೊಡಬಹುದು. ಡಾ. ಎಂ. ಸಿ. ಮೋದಿಯವರ ಸಾಮೂಹಿಕ ಶಿಬಿರಗಳು ಕಣ್ಣಿನ ಶಸ್ತ್ರಚಿಕಿತ್ಸೆಯ ಭಯವನ್ನು ಕನ್ನಡನಾಡಿನ ಹಳ್ಳಿಗಳಿಂದ ಓಡಿಸಿದ್ದವು. 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಯ ಮೇಲೆ ಶಿವನಿಗೆ ಕಣ್ಣುಗಳನ್ನು ಅರ್ಪಿಸಿದ ಡಾ. ರಾಜಕುಮಾರರ ಹೆಸರಿನಲ್ಲಿ 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನೇತ್ರಬ್ಯಾಂಕು ತೆರೆಯಿತು. 2006ರಲ್ಲಿ ಅವರ ಕಣ್ಣುಗಳನ್ನೇ ಅಲ್ಲಿಗೆ ಕೊಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಪುತ್ರ ಪುನೀತ್ ಅಕಾಲದಲ್ಲಿ ತೀರಿಕೊಂಡಾಗ, ಕಾರ್ನಿಯಾಗಳ ಮೇಲ್ಪದರವನ್ನೂ ಒಳಪದರವನ್ನೂ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಡಲು ವೈದ್ಯರಿಗೆ ಸಾಧ್ಯವಾಯಿತು. ತರುವಾಯದ ವಾರಗಳಲ್ಲಿ ನೇತ್ರದಾನದ ಪ್ರತಿಜ್ಞೆಗೆ ಜನ ಸಾಲುಗಟ್ಟಿದರು.

ಪ್ರತಿಜ್ಞಾಪತ್ರಕ್ಕೆ ಸಹಿಹಾಕಿದವನು ತನ್ನ ಮನೆಯವರಿಗೆ ತಿಳಿಸದಿದ್ದರೆ ಆ ಪತ್ರ ವ್ಯರ್ಥ. ಮರಣಿಸಿದ ಆರು ಗಂಟೆಗಳೊಳಗೆ ಕಾರ್ನಿಯಾವನ್ನು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆಗಳನ್ನು ಮುಚ್ಚಿ ಒದ್ದೆ ಹತ್ತಿಯಿರಿಸಿ, ಫ್ಯಾನು ನಿಲ್ಲಿಸಿ, ತಲೆಯನ್ನು ದಿಂಬಿನಿಂದ ತುಸು ಎತ್ತಿಡಬೇಕು. ತೆಗೆಯಲು ಹಿಡಿಯುವುದು ಇಪ್ಪತ್ತು ನಿಮಿಷ. ಹನ್ನೊಂದು ಹನ್ನೆರಡು ಮಿಲಿಮೀಟರ್ ಅಗಲದ, ಅರ್ಧ ಮಿಲಿಮೀಟರ್ ದಪ್ಪದ ಆ ಬಿಲ್ಲೆಯನ್ನು ನಸುಗೆಂಪು ದ್ರವದ ಸೀಸೆಯಲ್ಲಿಟ್ಟು ತಣ್ಣಗೆ ಒಯ್ಯುತ್ತಾರೆ. ಮುಖ ವಿಕಾರವಾಗುವುದಿಲ್ಲ, ಅಂತ್ಯಸಂಸ್ಕಾರ ತಡವಾಗುವುದಿಲ್ಲ. ಆದರೆ ಘಟ್ಟದಡಿಯ ದಿಡುಪೆಯಲ್ಲಿಯೋ ನೆರಿಯದಲ್ಲಿಯೋ ಆಷಾಢದ ಮಳೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ, ಸುದ್ದಿ ತಿಳಿದು ಮಂಗಳೂರಿನಿಂದ ತಂಡ ಹೊರಟು ಅಲ್ಲಿಗೆ ಮುಟ್ಟುವಷ್ಟರಲ್ಲಿ ಆ ಆರು ಗಂಟೆಗಳಲ್ಲಿ ಉಳಿಯುವುದೆಷ್ಟು? 2019ರ ಆಗಸ್ಟಿನ ಪ್ರವಾಹದಲ್ಲಿ ರಸ್ತೆಗಳೇ ಕೊಚ್ಚಿಹೋದ ಸೀಮೆಯದು.

ಕಾರ್ನಿಯಾವನ್ನು ತೆಗೆಯುವ ಕಾರ್ಯವನ್ನು ವೈದ್ಯನಲ್ಲದ, ತರಬೇತಿ ಹೊಂದಿದ ತಂತ್ರಜ್ಞನೂ ಮಾಡಬಹುದೆಂದು 2011ರ ತಿದ್ದುಪಡಿಯು ಅನುಮತಿಸಿದೆ. ಬಂಟ್ವಾಳ, ಬೆಳ್ತಂಗಡಿಗಳ ತಾಲೂಕು ಆಸ್ಪತ್ರೆಗಳಿಗೂ ಮೂಡುಬಿದಿರೆಯ ಆಸ್ಪತ್ರೆಗೂ ಇಂಥ ಒಬ್ಬೊಬ್ಬರನ್ನು ನೇಮಿಸಿ, ನಂಜುನಿವಾರಕ ಉಪಕರಣದ ಪೆಟ್ಟಿಗೆಯನ್ನೂ ದ್ರವದ ಸೀಸೆಗಳನ್ನೂ ಕೊಟ್ಟು, ರಾತ್ರಿಯೂ ಓಡಾಡಲು ಒಂದು ವಾಹನವನ್ನು ಒದಗಿಸಲು ತಗಲುವ ವೆಚ್ಚವು ಒಂದು ಜಾತ್ರೆಯ ವಿದ್ಯುದ್ದೀಪಗಳ ಖರ್ಚಿಗಿಂತ ಹೆಚ್ಚಾಗಲಾರದು. ತಾಲೂಕುಗಳ ಸಂಘಸಂಸ್ಥೆಗಳು, ಬಸದಿ, ದೇವಸ್ಥಾನ, ಇಗರ್ಜಿ, ಜಮಾತುಗಳು ರಕ್ತದಾನ ಶಿಬಿರಗಳನ್ನು ನಡೆಯಿಸುವ ಉತ್ಸಾಹದ ಒಂದಂಶವನ್ನು ಇತ್ತ ತಿರುಗಿಸಿ, ಸಾವಿನ ಮನೆಗೆ ಮೊದಲು ಧಾವಿಸುವ ನೆರೆಯವರಿಗೂ ಪಂಚಾಯತಿಯ ಆಶಾ ಕಾರ್ಯಕರ್ತೆಯರಿಗೂ ಯಾರಿಗೆ ದೂರವಾಣಿ ಮಾಡಬೇಕು, ಮನೆಯವರೊಡನೆ ಹೇಗೆ ಮಾತು ತೆಗೆಯಬೇಕೆಂಬುದನ್ನು ಕಲಿಸುವುದಾದರೆ, ಪ್ರತಿವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ಆಚರಿಸುವ ನೇತ್ರದಾನ ಪಕ್ಷದಲ್ಲಿ ಪ್ರತಿಜ್ಞಾಪತ್ರಗಳನ್ನು ಎಣಿಸುವುದರ ಬದಲು ಈ ಮೂರು ತಾಲೂಕುಗಳಿಂದ ನೇತ್ರಬ್ಯಾಂಕಿಗೆ ತಲಪಿದ ಸೀಸೆಗಳನ್ನು ಎಣಿಸಲು ಬರುತ್ತದೆ.