ಗಚ್ಚು ಕಿತ್ತ ಗ್ವಾಡಿ

ಗೋವಾಕ್ಕ ಹೋದವರು ಹಳೇ ಗೋವಾದ ಬೋಮ್ ಜೀಸಸ್ ಬೆಸಿಲಿಕಾ ಮುಂದ ಒಂದು ಫೋಟೋ ತೆಗಿಸ್ಕೊಂಡೇ ಬಂದಿರ್ತೀರಿ. ಸುತ್ತಲಿನ ಚರ್ಚುಗಳೆಲ್ಲಾ ಹಾಲಿನಂಗ ಬೆಳ್ಳಗ, ಇದೊಂದೇ ಕೆಂಪು. ನಾಕುನೂರು ವರ್ಷದ ಕಲ್ಲು ಹೆಂಗಿತ್ತೋ ಹಂಗ ಉಳದದ ಅಂತ ನೋಡಿದವರಿಗೆ ಅನಸ್ತದ. ಆದ್ರ ಆ ಕೆಂಪು ಅಷ್ಟು ಹಳೇದಲ್ಲ, ನಮ್ಮ ಅವ್ವಂದಿರ ಕಾಲದ್ದು!

ಚರ್ಚ್ ಕಟ್ಟಲಿಕ್ಕೆ ಸುರು ಮಾಡಿದ್ದು 1594ರಾಗ, ಮುಗಿದದ್ದು 1605ರಾಗ. ಗ್ವಾಡಿ ಜಂಬಿಟ್ಟಿಗೆ ಕಲ್ಲಿಂದು, ಅಂದ್ರ ಕೆಂಪು ಚಿರೇಕಲ್ಲು. ಮುಂಭಾಗದ ಕೆತ್ತನಿಗೆ ಮಾತ್ರ ಕರೀ ಕಲ್ಲು. ಜಂಬಿಟ್ಟಿಗೆ ಮ್ಯಾಲೆ ಸುಣ್ಣದ ಗಚ್ಚು ಬಳದು ಬೆಳ್ಳಗ ಮಾಡಿದ್ರು, ಹಳೇ ಫೋಟೋಗಳೊಳಗ ಅದು ಕಾಣಸ್ತದ. 1950ರ ದಶಕದಾಗ ಬಾಲ್ತಜಾರ್ ಕ್ಯಾಸ್ತ್ರೊ ಅಂತ ಪೋರ್ಚುಗಲ್ಲಿನ ವಾಸ್ತುಶಿಲ್ಪಿ ಬಂದು, ಜೀರ್ಣೋದ್ಧಾರದ ಹೆಸರಿಲೆ ಹೊರಗಿನ ಗಚ್ಚೆಲ್ಲಾ ಕೀಳಿಸಿದ. ಕಲ್ಲು ಕಂಡ್ರ ಪುರಾತನ ಅನಸ್ತದ ಅಂತ. ಅವರ ದೇಶದಾಗ ಆಗ ಹಳೇ ಚರ್ಚುಗಳಿಗೆ ಹಿಂಗ ಮಾಡೋ ರೂಢಿ ಇತ್ತು. ಅಲ್ಲಿಯ ಉತ್ತರಭಾಗದ ಕಲ್ಲು ಗ್ರಾನೈಟ್, ತಡಕೋತದ.

ಜಂಬಿಟ್ಟಿಗೆ ಸ್ವಭಾವನೇ ಬ್ಯಾರೆ. ನೆಲದಿಂದ ತೆಗೆಯುವಾಗ ಮೆತ್ತಗ, ಗಾಳಿಗೆ ಇಟ್ಟಂಗ ಗಟ್ಟಿ. ಮೈತುಂಬ ತೂತು, ತೂತಿನ್ಯಾಗ ಮಣ್ಣು. ಗೋವಾದಾಗ ವರ್ಷಕ್ಕ ಸುಮಾರು 3,000 ಮಿಲಿಮೀಟರ್ ಮಳಿ, ನಮ್ಮ ಧಾರವಾಡದ ಮೂರು ಪಟ್ಟಿಗೂ ಮಿಗಿಲು. ಮಳಿ ಬಡದಂಗ ಆ ಮಣ್ಣು ತೊಳಕೊಂಡು ಹೋಗ್ತದ, ಕಲ್ಲು ಸವೀತದ. ಕಣಕ ಹರದ ಹೋಳಿಗಿ ಹೂರಣ ಹಂಚಿಗೆ ಹತ್ತಿದಂಗ ಅದ ನೋಡ್ರಿ ಇದರ ಪಾಡು.

ಆ ಕಾಲದ ಗೌಂಡಿಗಳಿಗೆ ಇದು ಗೊತ್ತಿತ್ತು. ಸಮುದ್ರದ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡ್ತಿದ್ರು. ಸುಟ್ಟದ್ದಕ್ಕ ನೀರು ಹಾಕಿದ್ರ ಕೊತಕೊತ ಕುದ್ದು ಅರಳ್ತದ. ಅದನ್ನ ನೆನಸಿಟ್ಟು, ಉಸುಕು ಕೂಡಿಸಿ, ಚೊಲೋತ್ನ್ಯಾಗ ಅರದು ಬಳೀಬೇಕು. ಎಲಿ ಅಡಿಕಿ ಡಬ್ಬಿಯೊಳಗಿನ ಸುಣ್ಣ ಮುಚ್ಚಳ ತಗದಿಟ್ಟರ ಕಲ್ಲಾಗ್ತದಲ್ಲಾ, ಅಲ್ಲೂ ಅದೇ ಆಗೋದು. ಗಾಳಿಯೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣ ತಿರುಗಿ ಸುಣ್ಣದಕಲ್ಲು ಆಗ್ತದ. ಗಟ್ಟಿಯಾದ ಮ್ಯಾಲೂ ಅದು ಉಸಿರಾಡ್ತದ. ಒಳಗ ಹೋದ ತೇವ ಹೊರಗ ಬರ್ತದ.

ಸಿಮೆಂಟ್ ಹಚ್ಚಿದ್ರ ಆಗಂಗಿಲ್ಲೇನು ಅಂತ ಕೇಳಬಹುದು. ನಮ್ಮ ಕಡೆ ಹಳೇ ಮಣ್ಣಿನ ಗ್ವಾಡಿಗೆ ಸಿಮೆಂಟ್ ಗಿಲಾವು ಮಾಡಿಸಿದವರನ್ನ ಕೇಳ್ರಿ. ಮ್ಯಾಲೆ ಚಂದ, ಒಳಗ ನೀರು ಸಿಕ್ಕಿಬಿದ್ದು ಉಪ್ಪು ಏಳ್ತದ, ಗ್ವಾಡಿ ಪುಡಿಪುಡಿ ಆಗಿ ಕಡೀಗೆ ಗಿಲಾವು ಹಲ್ಲೆ ಹಲ್ಲೆ ಉದುರ್ತದ. ಮೆತ್ತಗಿನ ಕಲ್ಲಿಗೆ ಅದಕ್ಕಿಂತ ಗಟ್ಟಿ ಹೊದಿಕಿ ಒಗ್ಗಂಗಿಲ್ಲ.

2020ರಾಗ ಬೆಸಿಲಿಕಾದ ಮುಖ್ಯ ಪಾದ್ರಿಗಳೇ ಭಾರತೀಯ ಪುರಾತತ್ವ ಇಲಾಖೆಗೆ ಮಳಿನೀರಿಂದ ಕಟ್ಟಡ ಉಳಸ್ರಿ ಅಂತ ಬಹಿರಂಗವಾಗಿ ಕೇಳಿದ್ರು. ಗಚ್ಚು ತಿರುಗಿ ಹಚ್ಚಬೇಕು ಅನ್ನೋ ಮಾತು ಜೋರಾತು. ಬ್ಯಾಡ ಅನ್ನೋವರೂ ಇದ್ದಾರ. ಯುನೆಸ್ಕೋ 1986ರಾಗ ಹಳೇ ಗೋವಾದ ಚರ್ಚುಗಳನ್ನ ವಿಶ್ವಪರಂಪರೆ ಪಟ್ಟಿಗೆ ಸೇರಿಸಿದಾಗ ಇದು ಕೆಂಪಗೇ ಇತ್ತು, ಜನರ ಕಣ್ಣಿಗೂ ಕೆಂಪೇ ರೂಢಿ ಆಗೇದ, ಅದೂ ಈಗ ಇತಿಹಾಸನೇ ಅಂತ ಅವರ ವಾದ. ಅದರಾಗೂ ಹುರುಳದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನೋಡೋವರ ಕಣ್ಣಿನ ರೂಢಿಗೆ ಗ್ವಾಡಿ ಯಾಕ ಕರಗಬೇಕು? ಬೆಳ್ಳಗಾದ್ರ ಫೋಟೋಕ್ಕ ಅಷ್ಟು ಚಂದ ಬರಲಿಕ್ಕಿಲ್ಲ, ಬರದಿದ್ರ ಬಿಡ್ರಿ.

ಅಲ್ಲೇ ಸಮೀಪ ಗುಡ್ಡದ ಮ್ಯಾಲೆ ಸೇಂಟ್ ಆಗಸ್ಟೀನ್ ಚರ್ಚಿನ ಗೋಪುರ ಮೋಟಾಗಿ ನಿಂತದ. ಅದೂ ಜಂಬಿಟ್ಟಿಗೇದೇ. 1835ರಾಗ ಬಿಟ್ಟುಹೋದ್ರು, 1842ರಾಗ ಚಾವಣಿ ಬಿತ್ತು, 1931ರಾಗ ಗೋಪುರದ ಅರ್ಧ ಬಿತ್ತು. ಅಲ್ಲಿ ಜನ ಇರಲಿಲ್ಲ, ದುರಸ್ತಿ ಇರಲಿಲ್ಲ. ಇಲ್ಲಿ ದಿನಾ ಪೂಜಿ ನಡೀತದ, ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹ ಇಲ್ಲೇ ಅದ, ನೋಡಲಿಕ್ಕೆ ಸಾವಿರಗಟ್ಟಲೆ ಮಂದಿ ಬರ್ತಾರ.

ಹಚ್ಚೋದೂ ಸುಲಭಿಲ್ಲ. ಮೊದಲು ಸವೆದ ಕಲ್ಲು ತುಂಬಬೇಕು, ಪಾಚಿ ತೆಗೀಬೇಕು. ಆಮ್ಯಾಲೆ ತೆಳ್ಳಗ ಒಂದೊಂದೇ ಪದರ, ಒಂದು ಬಲಿಯೋತನ ಇನ್ನೊಂದಕ್ಕ ಕೈ ಹಚ್ಚಂಗಿಲ್ಲ. ಬಿಸಿಲು ಜೋರಾದ್ರ ಬಿರಕು ಬಿಡ್ತದ, ಒದ್ದಿ ಗೋಣಿ ಹೊಚ್ಚಿ ಕಾಯಬೇಕು. ದೀಪಾವಳಿ ಆದಕೂಡಲೇ ಸುರು ಮಾಡಿ ಮುಂದಿನ ಮಳಿಗಾಲದೊಳಗ ಆದಷ್ಟು ಮುಗಿಸಿ, ಉಳಿದ ಗ್ವಾಡಿ ಮತ್ತ ಬರೋ ವರ್ಷ.